ಸುಂದ್ರಮ್ಮನ ಕೈಗೆ ಕೊಟ್ಟ ಕಾಲು

ಮೊಮ್ಮಕ್ಕಳೇ, ಹೋದ ತಿಂಗಳು ನಮ್ಮ ನಾಗವೇಣಿ ದವಾಖಾನೆಯಿಂದ ಮನೆಗೆ ಬಂದವಳು ನಾಲ್ಕು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹೊಟ್ಟೆಯ ಮೇಲಿನ ಹೊಲಿಗೆಯನ್ನು ತಾಯಿಗೂ ನೋಡಗೊಡಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತು, ಬಾಗಿಲು ಮುಂದೆ ಮಾಡಿ, ನನ್ನ ಎಡಗಾಲಿನ ಸೀರೆ ಸರಿಸಿ ಮೀನಖಂಡದ ಕೆಳಗಿನ ಕಲೆ ತೋರಿಸಿದೆ. ನನ್ನ ಮನೆಯವರು, ನಿಮ್ಮ ಮುತ್ಯಾ, ತೀರಿಕೊಂಡ ಮೇಲೆ ಅದನ್ನು ನೋಡಿದವರು ಯಾರೂ ಇಲ್ಲ. "ಇದು ಹೆಂಗಾತವ್ವ?" ಅಂದಳು. ನನಗೆ ಬಾಯಿ ಬಿಟ್ಟು ಹೇಳಲು ಬರುವುದಿಲ್ಲ, ನಿಮಗೆಲ್ಲ ಗೊತ್ತು. ಬರೆದು ಕೊಡುತ್ತೇನೆ ಅಂದೆ. ನಾನು ಕಲಿತದ್ದು ನಾರಾಯಣಪೇಟೆ ಹತ್ತಿರದ ನನ್ನ ತವರು ಮದ್ದೂರಿನ ಮಠದಲ್ಲಿ ಐಗಳು ಹೇಳಿಕೊಟ್ಟಷ್ಟು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಆಗ ನಿಜಾಮರ ಸರ್ಕಾರ. ನಾನು ನಾರಾಯಣಪೇಟೆಯ ನೇಕಾರರ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ನಿಮ್ಮವ್ವ ಎಂಟು ತಿಂಗಳ ಕೂಸು. ಮನೆಯಲ್ಲಿ ನಿಮ್ಮ ಮುತ್ಯಾ, ಅವರ ತಾಯಿ, ಮದುವೆಯಾಗದ ನಾದಿನಿ, ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆ ತುಳಿಯುತ್ತ ನೇಯಬೇಕು. ಒಂದು ಮಗ್ಗ ಮುತ್ಯಾಂದು, ಇನ್ನೊಂದು ನಂದು. ಕಾಲಿಲ್ಲದವರಿಗೆ ಆ ಮನೆಯಲ್ಲಿ ಕೆಲಸವಿರಲಿಲ್ಲ.

ನನಗಿದ್ದ ಒಂದೇ ಹೆಮ್ಮೆ ನನ್ನ ಬೆರಳು. ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನಾವು ಕಂಡಿಕೆ ಅನ್ನುತ್ತೇವೆ. ಅದಕ್ಕೆ ರೇಷ್ಮೆ ಸುತ್ತುವಾಗ ನನ್ನ ಕೈಯಲ್ಲಿ ಎಳೆ ಹರಿಯುತ್ತಿರಲಿಲ್ಲ. ಓಣಿಯ ಹೆಂಗಸರು ಸಿಕ್ಕುಬಿದ್ದ ನೂಲು ತಂದು ನನ್ನ ಮುಂದೆ ಹಾಕಿ ಹೋಗುತ್ತಿದ್ದರು. ನಾನು ಮಾತಾಡದೆ ಬಿಡಿಸಿ ಕೊಡುತ್ತಿದ್ದೆ. ಹೆಚ್ಚು ಮಾತು ಬಾರದವಳಿಗೆ ಅದೇ ಮಾತಾಗಿತ್ತು.

ಬೇಸಿಗೆಯಲ್ಲಿ ಕಾಲಿಗೆ ಒಂದು ಬೊಬ್ಬೆ ಎದ್ದಿತು. ಉರಿಯೆಂದರೆ ಕೆಂಡ ಇಟ್ಟ ಹಾಗೆ. ಅದು ಒಡೆದ ಮೇಲೆ ಒಳಗಿಂದ ಬಿಳಿ ಎಳೆಯೊಂದರ ತುದಿ ಕಾಣಿಸಿತು. ನಾರುಹುಣ್ಣು, ಮೈಯೊಳಗೆ ದಾರದ ಹಾಗೆ ಉದ್ದಕ್ಕೆ ಬೆಳೆಯುವ ಹುಳ. ಮೆಟ್ಟಿಲು ಬಾವಿಯ ನೀರು ಕುಡಿಯುವ ನಮ್ಮ ಓಣಿಯಲ್ಲಿ ಪ್ರತಿ ಬೇಸಿಗೆಗೆ ನಾಲ್ಕೈದು ಮಂದಿಗೆ ಬರುತ್ತಿತ್ತು. ಅದಕ್ಕೆ ಯಾರೂ ದವಾಖಾನೆಗೆ ಹೋಗುತ್ತಿರಲಿಲ್ಲ. ಹುಳದ ತುದಿಯನ್ನು ಕಡ್ಡಿಗೆ ಸುತ್ತಿ ಕಟ್ಟಿ, ದಿನಕ್ಕೆ ಒಂದು ಬೆರಳಿನಷ್ಟು ಮಾತ್ರ ಹೊರಗೆ ತೆಗೆಯಬೇಕು, ಹೆಚ್ಚಿಗೆ ಎಳೆಯಬಾರದು ಎಂದು ಅತ್ತೆ ಹೇಳಿಕೊಟ್ಟರು. ಐದು ದಿನ ಹಾಗೆಯೇ ಮಾಡಿದೆ.

ಮಗ್ಗದ ಮೇಲೆ ಒಂದು ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ಆರನೆಯ ದಿನ ನಾದಿನಿ ರಾಟಿಯ ಮುಂದೆ ಕೂತು ನಗುತ್ತ ಅಂದಳು: "ನಮ್ಮತ್ತಿಗಿ ಕಾಲಾಗ ಒಂದ್ ಎಳಿ ಇಟ್ಕೊಂಡು ರಾಣಿಯಂಗ ಕುಂತಾಳ. ರೇಷ್ಮಿ ಹರೀದಂಗ ಸುತ್ತಾಕಿಗೆ ಅದೇನ್ ದೊಡ್ಡದು?"

ಅವಳು ತಮಾಷೆಗೆ ಅಂದದ್ದು. ನನಗೆ ನಾಟಿತು. ಒಳಗೆ ಹೋಗಿ ಕಡ್ಡಿ ಬಿಚ್ಚಿ ಒಂದು ಖಾಲಿ ಕಂಡಿಕೆ ತೆಗೆದುಕೊಂಡೆ. ಒಣ ರೇಷ್ಮೆಗೆ ಮಾಡುವ ಹಾಗೆ ಬೆರಳು ಒದ್ದೆ ಮಾಡಿಕೊಂಡು ತುದಿಯನ್ನು ಅದಕ್ಕೆ ಸುತ್ತಿದೆ. ಒಂದು ಸುತ್ತು ಬಂತು. ಎರಡು ಬಂತು. ನನ್ನ ಕೈ ಎಂದೂ ತಪ್ಪಿಲ್ಲವಲ್ಲ ಎಂಬ ಧೈರ್ಯ. ಮೂರನೆಯ ಸುತ್ತಿಗೆ ಹರಿಯಿತು. ಸದ್ದೇನೂ ಆಗಲಿಲ್ಲ. ಎಳೆ ಹರಿದಾಗ ಗೊತ್ತಾಗುವ ಹಾಗೆ ಬೆರಳಿಗೆ ಮಾತ್ರ ಗೊತ್ತಾಯಿತು. ಉಳಿದದ್ದು ಒಳಗೆ ಸರಿದು ಹೋಯಿತು.

ಎರಡು ದಿನ ಯಾರಿಗೂ ಹೇಳಲಿಲ್ಲ. ನೋವಿಗಿಂತ ನಾಚಿಕೆ ಹೆಚ್ಚಾಗಿತ್ತು. ಮೂರನೆಯ ದಿನ ಜ್ವರದಲ್ಲಿ ಕೂಸಿಗೆ ಹಾಲು ಕೊಡುವಾಗ ಅತ್ತೆ ನನ್ನ ಕಾಲು ನೋಡಿದರು. ಅದು ಮೊಣಕಾಲಿನವರೆಗೆ ಬಾತು ಹೊಳೆಯುತ್ತಿತ್ತು.

"ನೂಲು ಹರದ್ರ ಗಂಟು ಹಾಕಬಹುದಿತ್ತು. ಇದಕ್ಕ ಯಾರು ಗಂಟು ಹಾಕ್ತಾರ ತಾಯಿ?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬಂಡಿಯಲ್ಲಿ ಮಕ್ತಲಕ್ಕೆ ಒಯ್ದರು. ಅಲ್ಲಿಯ ಹಕೀಮರು ಕಾಲು ನೋಡಿ, ಕೃಷ್ಣಾ ದಾಟಿ ಗದ್ವಾಲದ ಕಡೆ ಒಂದು ಮಿಷನ್ ದವಾಖಾನೆ ಇದೆ, ತಡ ಮಾಡಬೇಡಿ ಅಂದರು. ಅತ್ತೆಗೆ ಮನಸ್ಸಿರಲಿಲ್ಲ. "ಅಲ್ಲಿ ಜಾತಿ ಕೆಡಿಸ್ತಾರಂತ" ಅಂದರು.

"ಕಾಲು ಕೆಟ್ಟೈತಲ್ಲ ಯವ್ವ, ಮೊದಲ ಅದನ್ನ ನೋಡೂನು" ಅಂದರು ನಿಮ್ಮ ಮುತ್ಯಾ.

ಹರಗೋಲಿನಲ್ಲಿ ಹೊಳೆ ದಾಟುವಾಗ ಅದು ತಿರುಗಿದಂತೆಲ್ಲ ನನ್ನ ಕಾಲು ಸಿಡಿಯುತ್ತಿತ್ತು. ಅತ್ತೆ ಕೂಸನ್ನು ಒಂದು ತೋಳಲ್ಲಿ, ನನ್ನ ಕಾಲನ್ನು ಇನ್ನೊಂದರಲ್ಲಿ ಅಪ್ಪಿಕೊಂಡು ಕೂತಿದ್ದರು. ಅವರ ನಾಲಗೆ ಎಷ್ಟು ಚುರುಕೋ ಕೈ ಅಷ್ಟು ಮೆತ್ತಗೆ.

ದವಾಖಾನೆಯ ಪಡಸಾಲೆಯಲ್ಲಿ ಕಲ್ಲಿನ ಚಪ್ಪಡಿಗಳ ಸಾಲು. ಬಂದವರು ಬಂದ ಹಾಗೆ ಒಂದೊಂದು ಕಲ್ಲಿನ ಮೇಲೆ ಕೂರಬೇಕು. ಮುಂದಿನವರು ಒಳಗೆ ಹೋದಂತೆ ಒಂದೊಂದು ಕಲ್ಲು ಸರಿಯಬೇಕು. ನನ್ನ ಮುಂದೆ ಊರ ಲೆಕ್ಕ ಬರೆಯುವ ಪಟವಾರಿಯೊಬ್ಬರ ಹೆಂಡತಿ, ಕೊರಳ ತುಂಬ ಬಂಗಾರ ಹಾಕಿಕೊಂಡು, ಮಗಳನ್ನು ಮಲಗಿಸಿಕೊಂಡು ಕೂತಿದ್ದರು. ಅವರ ಮುಂದೆ ಕಂಬಳಿ ಹೊದ್ದ ಕುರುಬರ ಮುದುಕಿ. ಪಟವಾರಿಯ ಆಳು ಮುದುಕಿಗೆ ಹಿಂದೆ ಹೋಗು ಅಂದ. ಅಲ್ಲೇ ಕಸ ಗುಡಿಸುತ್ತಿದ್ದ ಹೆಂಗಸು ತಲೆ ಎತ್ತದೆ, "ಕಲ್ಲು ಯಾರ ಮಾತೂ ಕೇಳಂಗಿಲ್ಲಪ್ಪ. ಕುಂದ್ರು, ನಿಮ್ಮ ಪಾಳಿ ಬರತೈತಿ" ಅಂದರು. ಆಳು ಒಳಗಿದ್ದ ಡಾಕ್ಟರಮ್ಮನ ಕಡೆ ನೋಡಿದ. ಅವರು ಮುದುಕಿಯನ್ನೇ ಒಳಗೆ ಕರೆದರು.

ಗುಡಿಸುತ್ತಿದ್ದವರು ಸುಂದ್ರಮ್ಮ. ನಲವತ್ತರ ಆಸುಪಾಸು, ಸಣ್ಣ ಮೈ. ನನ್ನ ಹತ್ತಿರ ಬಂದಾಗ ನನ್ನ ಕಾಲು ನೋಡಿ, ತಾವು ಕೂರುವ ಗೋಣಿತಟ್ಟನ್ನು ಮಡಿಚಿ ಅದರ ಕೆಳಗೆ ಇಟ್ಟರು. "ಕಾಲು ಎತ್ತರಕ್ಕಿಡು ತಂಗಿ, ಸಿಡಿತ ಕಮ್ಮಿ ಆಕ್ಕೈತಿ."

ಅತ್ತೆಯ ಕಿವಿ ನಿಮಿರಿತು. "ಯಾರಿಗೆ ಯಾರು ತಂಗಿ? ಯಾವೂರಾಕಿ ನೀ?"

"ಮಾನೋಪಾಡ ಕಡೀರಿ ಅವ್ವ."

"ಊರಾಗಿನಾಕ್ಯೋ, ಊರ ಹೊರಗಿನಾಕ್ಯೋ?"

"ಹೊರಗಿನ ಕೇರೀರಿ" ಅಂದು ಸುಂದ್ರಮ್ಮ ಮುಂದಕ್ಕೆ ಗುಡಿಸಿಕೊಂಡು ಹೋದರು.

ಅವರು ನಾವು ಮುಟ್ಟಿಸಿಕೊಳ್ಳದ ಜನ. ಅತ್ತೆ ಗೋಣಿತಟ್ಟನ್ನು ಕಾಲ್ಬೆರಳಿನಿಂದ ದೂರ ಸರಿಸಿದರು. ಸಿಡಿತ ಕಡಿಮೆಯಾಗಿತ್ತು, ನಾನು ಅದನ್ನು ಹೇಳಲಿಲ್ಲ.

ಡಾಕ್ಟರಮ್ಮ ತೆಲುಗಿನವರು. ಬಿಳಿ ಸೀರೆ, ಕೈಯಲ್ಲಿ ಬಳೆಯಿಲ್ಲ. ಅದೇ ದಿನ ಕಾಲು ಕೊಯ್ದು ಕೀವು ತೆಗೆದರು. ಆ ನೋವನ್ನು ಬರೆಯುವುದಿಲ್ಲ. ಆದರೆ ಕೊಯ್ಯುವ ಮೊದಲು ಅವರು ನನ್ನ ಕಿವಿಯ ಹತ್ತಿರ ಬಂದು, "ಅಳು ಬಂದರೆ ಅಳು ತಲ್ಲಿ, ಇಲ್ಲಿ ಎಲ್ಲರೂ ಅಳ್ತಾರೆ" ಅಂದದ್ದನ್ನು ಬರೆಯುತ್ತೇನೆ. ಅಲ್ಲಿಯವರೆಗೆ ನನಗೆ ಅಳಲು ಯಾರೂ ಹೇಳಿರಲಿಲ್ಲ.

ನನ್ನ ಮಂಚ ಕಿಟಕಿಯ ಪಕ್ಕ ಇತ್ತು. ಅಂಗಳದಲ್ಲಿ ಒಂದು ಕಾಲಿಲ್ಲದ ಒಬ್ಬ ರೈತ ಊರುಗೋಲು ಹಿಡಿದು ನಡೆಯುವುದನ್ನು ಕಲಿಯುತ್ತಿದ್ದ. ಅವನನ್ನು ನೋಡಬಾರದೆಂದು ಕಣ್ಣು ಮುಚ್ಚಿದರೆ ಕೋಲಿನ ಸದ್ದು ಕೇಳುತ್ತಿತ್ತು. ಮಂಚ ಬದಲಿಸಿ ಎಂದು ಕೇಳಲು ನಾಚಿಕೆ.

ಐದನೆಯ ದಿನ ಗಾಯದೊಳಗೆ ಹರಿದ ನಾರಿನ ತುದಿ ಕಾಣಿಸಿತು. ಡಾಕ್ಟರಮ್ಮ ಚಿಮಟಿಗೆಯಿಂದ ಹಿಡಿದು ಒಂದಿಷ್ಟು ನೋಡಿ ಕೈ ಬಿಟ್ಟರು.

"ನನ್ನದು ಅವಸರದ ಕೈ" ಅಂದರು. "ಹಿಂದೆ ಎರಡು ಸಲ ನನ್ನ ಕೈಯಲ್ಲೇ ಹರಿದಿದೆ. ಇದು ಇನ್ನೊಮ್ಮೆ ಹರಿದರೆ ಕಾಲು ಉಳಿಸ್ತೀನಿ ಅಂತ ಹೇಳಲಾರೆ. ಇದಕ್ಕೆ ನಮ್ಮ ಸುಂದ್ರಮ್ಮ ಬೇಕು."

ಅತ್ತೆ ಎದ್ದು ನಿಂತರು. "ಕಸ ಹೊಡಿಯಾಕೀನ?"

"ಹೌದಮ್ಮ. ಕಸ ಹೊಡೀತಾಳೆ, ನಾರೂ ತೆಗೀತಾಳೆ. ಅವಳ ಕೈಯಲ್ಲಿ ಒಂದೂ ಹರಿದಿಲ್ಲ. ನಾನು ಅವಳ ಹತ್ತಿರ ಕೂತು ಕಲಿಯೋಕೆ ನೋಡಿದೆ. ನನಗೆ ಬರಲಿಲ್ಲ."

ಇದನ್ನು ಅವರು ಎಲ್ಲರೆದುರು, ಸುಂದ್ರಮ್ಮನ ಎದುರೇ, ಅಡುಗೆಗೆ ಉಪ್ಪು ಬೇಕು ಅನ್ನುವಷ್ಟು ಸಹಜವಾಗಿ ಅಂದರು. ಹಿಂದಿನ ದಿನವಷ್ಟೇ ಪೊಲೀಸ್ ಠಾಣೆಯ ಅಮೀನ್ ಸಾಹೇಬರು ಕುದುರೆ ಇಳಿದು ಡಾಕ್ಟರಮ್ಮನಿಗೆ ಸಲಾಮು ಮಾಡಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಅಷ್ಟು ದೊಡ್ಡವರು ತಮಗೆ ಬಾರದ್ದನ್ನು ಬಾರದು ಅನ್ನುವುದು ನನಗೆ ಅರ್ಥವಾಗಲಿಲ್ಲ.

ಬೇಡ ಅಂದವಳು ನಾನು. ಅತ್ತೆಯ ಮೇಲೆ ಹಾಕುವುದು ಸುಲಭ, ಆದರೆ ಅತ್ತೆ ಇನ್ನೂ ಬೇಡ ಅಂದಿರಲಿಲ್ಲ. ನಾನೇ ತಲೆ ಅಲ್ಲಾಡಿಸಿ ಸೀರೆ ಎಳೆದುಕೊಂಡೆ. ಮುಟ್ಟಿಸಿಕೊಳ್ಳಬಾರದು ಎನ್ನುವುದು ಒಂದು. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ನಾರಾಯಣಪೇಟೆಯಲ್ಲೇ ಹೆಸರಾದ ನನ್ನ ಬೆರಳಿಗೆ ಆಗದ್ದು ಕಸಬರಿಗೆ ಹಿಡಿಯುವ ಬೆರಳಿಗೆ ಆಗುತ್ತದೆ ಎಂದು ಒಪ್ಪಲು ನನಗೆ ಆಗಲಿಲ್ಲ. ಸುಂದ್ರಮ್ಮ ಕಸಬರಿಗೆ ತೆಗೆದುಕೊಂಡು ಹೊರಗೆ ಹೋದರು.

ಮರುದಿನ ಕಾಲು ಮತ್ತೆ ಕೆಂಪಾಯಿತು. ನಮ್ಮನ್ನು ದವಾಖಾನೆಯಲ್ಲಿ ಬಿಟ್ಟು ಹೋಗಿದ್ದ ನಿಮ್ಮ ಮುತ್ಯಾ ಮಧ್ಯಾಹ್ನ ಊರಿಂದ ಬಂದರು. ಗೋಡೆಯಾಚೆ ಅವರು ಅತ್ತೆಯ ಜೊತೆ ಮಾತಾಡುವುದು ನನಗೆ ಕೇಳಿಸುತ್ತಿತ್ತು.

"ಕಾಲು ಹೋದ್ರ ಮಗ್ಗ ಹೆಂಗಪ್ಪ? ಮನ್ಯಾಗಿನ ಕೆಲಸ ಹೆಂಗ?" ಅಂದರು ಅತ್ತೆ.

"ಮಗ್ಗ ನಾ ನೋಡ್ಕೋತೀನಿ. ಕಾಲು ಹೋದ್ರ ಹೋಗ್ಲಿ, ಆಕಿ ಮನೀಗ ಬರ್ಲಿ."

ಅವರು ನನ್ನ ಎದುರು ಇಂಥ ಮಾತು ಎಂದೂ ಆಡಿದವರಲ್ಲ. ಬಾಳಿನುದ್ದಕ್ಕೂ ನಾನು ಅದನ್ನು ಕೇಳಿಸಿಕೊಂಡೆನೆಂದು ಅವರಿಗೂ ಹೇಳಲಿಲ್ಲ. ಆದರೆ ಅವತ್ತು ನನಗೆ ಭಯ ಹೆಚ್ಚಾಯಿತು. ಕಾಲು ಹೋಗಬಹುದು ಎಂದು ಅವರೂ ಎಣಿಸಿದ್ದರು.

ಆ ದವಾಖಾನೆಯಲ್ಲಿ ಬೆಳಿಗ್ಗೆ ಕೆಲಸ ಸುರುವಾಗುವ ಮೊದಲು ಪಡಸಾಲೆಯಲ್ಲಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಪ್ರಾರ್ಥನೆ ಮಾಡುತ್ತಿದ್ದರು. ರೋಗಿಗಳು ಬಂದರೆ ಬರಬಹುದು, ಯಾರೂ ಕರೆಯುತ್ತಿರಲಿಲ್ಲ. ಪ್ರಾರ್ಥನೆ ಹೇಳುವುದು ಪಾಳಿಯ ಮೇಲೆ. ಒಂದು ದಿನ ಡಾಕ್ಟರಮ್ಮ, ಒಂದು ದಿನ ಅಡುಗೆಯಾಕೆ, ಒಂದು ದಿನ ಕಾವಲಿನವನು. ನನ್ನ ಮಂಚದಿಂದ ಎಲ್ಲ ಕಾಣುತ್ತಿತ್ತು. ಮುತ್ಯಾ ಬಂದು ಹೋದ ಮರುದಿನ ಬೆಳಿಗ್ಗೆ ಎದ್ದು ನಿಂತವರು ಸುಂದ್ರಮ್ಮ. ಸೆರಗು ತಲೆಗೆ ಹೊದ್ದು, ಕಣ್ಣು ಮುಚ್ಚಿ, ಮನೆಯ ಹಿರಿಯರ ಹತ್ತಿರ ಮಾತಾಡುವ ಹಾಗೆ ಹೇಳತೊಡಗಿದರು.

"ಸ್ವಾಮಿ, ಕುರುಬರ ಮುದುಕಿಗೆ ಉಸಿರು ಹತ್ತವಲ್ದು, ನೋಡ್ಕೋ. ಪಟವಾರಿ ಅವ್ವಾರ ಮಗಳಿಗೆ ಜ್ವರ ಇಳೀವಲ್ದು, ಆ ತಾಯಿ ಮೂರು ದಿನದಿಂದ ಉಂಡಿಲ್ಲ. ನಮ್ಮ ಡಾಕ್ಟರಮ್ಮಗ ಸೊಂಟ ನೋವೈತಿ, ಯಾರಿಗೂ ಹೇಳಂಗಿಲ್ಲ ಆಕಿ. ನೇಕಾರರ ಸಂಗಮ್ಮನ ಕಾಲು ನಿನಗ ಗೊತ್ತೈತಿ. ಆಕಿ ಬೆರಳಿಗೆ ಅವಮಾನ ಆಗೈತಿ. ಮೊದಲ ಅದನ್ನ ತೆಗಿ. ಕಾಲು ಆಮ್ಯಾಲ ನೋಡೂನು."

ಅಡುಗೆಯಾಕೆಯ ಪಕ್ಕದಲ್ಲಿ ತಲೆ ಬಾಗಿಸಿ ಕೂತಿದ್ದ ಡಾಕ್ಟರಮ್ಮ "ಆಮೆನ್" ಅಂದರು. ಉಳಿದವರೂ ಅಂದರು.

ಅಲ್ಲಿ ನನ್ನ ಹೆಸರೂ ಬಂತು. ಬೆರಳಿನ ಅವಮಾನ ನಾನು ಯಾರಿಗೂ ಹೇಳದ ಮಾತು. ನನ್ನನ್ನು ಹೆತ್ತವರಿಗೆ, ಕಟ್ಟಿಕೊಂಡವರಿಗೆ ಕಾಣದ್ದು, ನಾನು ಮುಟ್ಟಬೇಡ ಅಂದವರಿಗೆ ಕಂಡಿತ್ತು. ನಮ್ಮಲ್ಲಿ ದೇವರ ಮುಂದೆ ಮನೆಯವರಿಗಾಗಿ ಬೇಡಿಕೊಳ್ಳುವವರು ಅಯ್ಯನವರು. ಇಲ್ಲಿ ಕಸ ಗುಡಿಸುವಾಕೆ ಡಾಕ್ಟರಮ್ಮನ ಸೊಂಟವನ್ನೂ ಕುರುಬರ ಮುದುಕಿಯ ಉಸಿರನ್ನೂ ಪಟವಾರಿಯ ಮಗಳ ಜ್ವರವನ್ನೂ ಒಂದೇ ಸಾಲಿನಲ್ಲಿ ದೇವರ ಮುಂದೆ ಇಟ್ಟರು. ಯಾರದೂ ಮುಂದೆ ಹೋಗಲಿಲ್ಲ, ಯಾರದೂ ಹಿಂದೆ ಉಳಿಯಲಿಲ್ಲ. ಅವರನ್ನು ಬೇಡವೆಂದ ನನ್ನ ಹೆಸರನ್ನೂ ಬಿಡಲಿಲ್ಲ.

ಪ್ರಾರ್ಥನೆ ಮುಗಿದ ಮೇಲೆ ಕಸಬರಿಗೆ ತೆಗೆದುಕೊಂಡು ಅವರು ನನ್ನ ಬಾಗಿಲ ಮುಂದೆ ಬಂದರು. ನಾನು ಕಾಲಿನ ಮೇಲಿನ ಸೀರೆ ಸರಿಸಿದೆ. "ಯಕ್ಕ, ನನ್ನ ಕಾಲು ನೋಡ್ತೀಯೇನು?" ಅಂದೆ.

ಅತ್ತೆ ನನ್ನನ್ನು ನೋಡಿದರು, ಕಾಲು ನೋಡಿದರು. ಆಮೇಲೆ ಕೂಸನ್ನು ಎತ್ತಿಕೊಂಡು, "ನಾ ಹೊರಗ ಕುಂದರ್ತೀನಿ. ನೋಡದಿದ್ರ, ಗೊತ್ತಿಲ್ಲ ಅನ್ನಬಹುದು" ಅಂದು ಹೋದರು. ಹೋದವರು ಕಿಟಕಿಯ ಹೊರಗೇ ನಿಂತು ಕತ್ತು ಉದ್ದ ಮಾಡಿ ಎಲ್ಲವನ್ನೂ ನೋಡಿದರು.

ಸುಂದ್ರಮ್ಮ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ನೆಲದ ಮೇಲೆ ಕೂತರು. ನನ್ನ ಕಾಲನ್ನು ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಇಟ್ಟು ತೊಳೆದರು. ಬೋಗುಣಿ ಹಿಡಿದು ಎದುರಿಗೆ ನೆಲದ ಮೇಲೆ ಕೂತವರು ಡಾಕ್ಟರಮ್ಮ. ನಾರಿನ ತುದಿಯನ್ನು ಬೇವಿನ ಕಡ್ಡಿಗೆ ಹಗುರವಾಗಿ ಸುತ್ತಿ, ಸುಂದ್ರಮ್ಮ ಸುಮ್ಮನೆ ಕೂತುಬಿಟ್ಟರು. ಬೆರಳು ಅಲ್ಲಾಡಲಿಲ್ಲ.

"ರೇಷ್ಮಿ ಹೆಂಗ ಸುತ್ತತಿ ತಂಗಿ?" ಅಂದರು.

ಹೇಳಿದೆ. ಬೆರಳು ಒದ್ದೆ ಮಾಡುವುದು, ಬಿಗಿ ನೋಡಿ ಎಳೆಯುವುದು.

"ಎಳೀಗೆ ಜೀವ ಇಲ್ಲ, ನೀ ಎಳದಂಗ ಬರತೈತಿ. ಇದಕ್ಕ ಜೀವ ಐತಿ. ಇದಕ್ಕ ಬರಾಕ ಮನಸಾಗಬೇಕು. ನಾ ಎಳಿಯಂಗಿಲ್ಲ, ಕಾಯ್ತೀನಿ." ಸ್ವಲ್ಪ ಹೊತ್ತಾದ ಮೇಲೆ ಬೋಗುಣಿಗೆ ಬೆರಳು ಅದ್ದಿ, "ಡಾಕ್ಟರಮ್ಮ, ನೀರು ಆರೈತಿ. ಬಿಸಿನೀರು ತರ್ರಿ" ಅಂದರು.

ಡಾಕ್ಟರಮ್ಮ ಸೊಂಟಕ್ಕೆ ಕೈ ಕೊಟ್ಟು ಎದ್ದು ಅಡುಗೆಮನೆಗೆ ಹೋಗಿ ಬಿಸಿನೀರು ತಂದು, ಕೇಳಿದಷ್ಟೇ ಸುರಿದು, ಮತ್ತೆ ನೆಲದ ಮೇಲೆ ಕೂತರು. ನಾನು ಎಷ್ಟೋ ದೊಡ್ಡವರನ್ನು ಕಂಡಿದ್ದೇನೆ ಮಕ್ಕಳೇ. ಅಷ್ಟು ಎತ್ತರದವರು ಅಷ್ಟು ಕೆಳಗೆ, ಯಾರಿಗೂ ತೋರಿಸಿಕೊಳ್ಳದೆ ಕೂತದ್ದನ್ನು ಮತ್ತೆಲ್ಲೂ ಕಾಣಲಿಲ್ಲ.

ಹನ್ನೆರಡು ದಿನ ಹಾಗೆಯೇ ನಡೆಯಿತು. ಕೆಲವು ದಿನ ಒಂದು ಬೆರಳಿನಷ್ಟು, ಕೆಲವು ದಿನ ಉಗುರಿನಷ್ಟು. ಒಂದು ದಿನ ಚೆನ್ನಾಗಿ ಬರುತ್ತಿತ್ತು. "ಇನ್ನೊಂದು ಸುತ್ತು ಬರಬಹುದಲ್ಲ ಯಕ್ಕ?" ಅಂದೆ. ಸುಂದ್ರಮ್ಮ ಕಡ್ಡಿಯನ್ನು ಕಾಲಿಗೆ ಕಟ್ಟಿ ಬಟ್ಟೆ ಸುತ್ತಿದರು. "ಇದ ನೋಡು ನಿನ್ನ ರೋಗ. ಹುಳ ತೆಗೀಬಹುದು, ಇದನ್ನ ತೆಗಿಯಾಕ ನನ್ನಿಂದ ಆಗಂಗಿಲ್ಲ." ಡಾಕ್ಟರಮ್ಮ ನಕ್ಕರು. ನಾನೂ ನಕ್ಕೆ. ಕಿಟಕಿಯ ಹೊರಗೂ ಯಾರೋ ನಕ್ಕರು.

ಈ ವಿದ್ಯೆ ಯಾರು ಕಲಿಸಿದರು ಎಂದು ಕೇಳಿದೆ. "ನಮ್ಮವ್ವ. ನಮ್ಮ ಕೇರಿಯವರ ಕಾಲು ಯಾವ ವೈದ್ಯರೂ ಮುಟ್ತಿರಲಿಲ್ಲಲ್ಲ, ನಾವ ಕಲೀಬೇಕಾತು" ಅಂದರು. ಕಹಿಯಿಲ್ಲದೆ ಅಂದರು. ನನಗೇ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಇನ್ನೊಂದು ದಿನ, ಡಾಕ್ಟರಮ್ಮ ಇಲ್ಲದಾಗ, ಅವರಿಗೆ ಬಿಸಿನೀರು ತಾ ಅನ್ನಲು ನಿನಗೆ ಹೆದರಿಕೆ ಆಗುವುದಿಲ್ಲವೇ ಎಂದೆ.

"ಮೊದಮೊದಲು ಆಕಿ ನೀರು ತಂದ್ರ ನಾ ಎದ್ದು ಓಡಿಹೋಗ್ತಿದ್ದೆ" ಅಂದರು. "ಆಗ ಆಕಿ ಅಂದ್ಲು, ನಮ್ಮ ಸ್ವಾಮಿನೇ ನೆಲಕ್ಕ ಬಗ್ಗಿ ತನ್ನ ಶಿಷ್ಯರ ಕಾಲು ತೊಳದಾನ, ನಾ ನೀರು ತಂದ್ರ ಏನ್ ಹೋತು ಅಂತ. ಕಾಲು ತೊಳಿಯೋದು ಸಸಾರ ತಂಗಿ, ತೊಳಿಸ್ಕೊಂಡು ಸುಮ್ನ ಕುಂದ್ರೋದು ಕಷ್ಟ. ನನಗೂ ಕಷ್ಟಾತು, ನಿನಗೂ ಆಗೈತಿ."

ಅವರು ನನ್ನನ್ನು ತಮ್ಮ ದೇವರ ಕಡೆ ಬಾ ಎಂದು ಒಮ್ಮೆಯೂ ಕರೆಯಲಿಲ್ಲ. ನಾನು ಇವತ್ತಿಗೂ ಲಿಂಗ ಕಟ್ಟಿದವಳೇ. ಆದರೆ ಪೂಜೆಗೆ ಕೂತಾಗ ನನ್ನ ಮನೆಯವರ ಹೆಸರಿನ ಜೊತೆ ಓಣಿಯವರ, ನೀರಿನವರ, ಕಸದವರ ಹೆಸರನ್ನೂ ಹೇಳಿಕೊಳ್ಳುವುದನ್ನು ಆ ಪಡಸಾಲೆಯಿಂದ ಕಲಿತೆ.

ಹದಿಮೂರನೆಯ ದಿನ ಬೆಳಿಗ್ಗೆ ನಾರು ಪೂರ್ತಿ ಹೊರಗೆ ಬಂತು. ಕೊನೆಯ ತುದಿ ಬಂದದ್ದು ನನಗೆ ಗೊತ್ತೇ ಆಗಲಿಲ್ಲ, ಅಷ್ಟು ಹಗುರ. ಸುಂದ್ರಮ್ಮ ಕಡ್ಡಿಯನ್ನು ಡಾಕ್ಟರಮ್ಮನ ಕೈಗೆ ಕೊಟ್ಟು, ಉಸಿರು ಬಿಟ್ಟು, ನನ್ನ ಪಾದವನ್ನು ಎರಡೂ ಕೈಯಲ್ಲಿ ಒಂದು ಗಳಿಗೆ ಹಿಡಿದುಕೊಂಡರು. ವಾರದ ಮೇಲೆ ಗಾಯ ಮಾಗಿ ನಾನು ನೆಲದ ಮೇಲೆ ಕಾಲೂರಿದೆ.

ಮನೆಗೆ ಬರುವಾಗ ಹೊಳೆ ದಾಟಿ ಮಕ್ತಲಕ್ಕೆ ಬಂದ ಮೇಲೆ ಅತ್ತೆ, "ಯಾರು ತೆಗದ್ರು ಅಂತ ಕೇಳ್ತಾರ. ಏನಂತಿ?" ಅಂದರು. ನಾನು ಬಂಡಿಯ ಹೊರಗೆ ನೋಡಿದೆ.

ಬಂದ ದಿನವೇ ಓಣಿಯ ಹೆಂಗಸರು ಪಡಸಾಲೆ ತುಂಬ ಕೂತರು. ನಾನು ನಡೆದು ತೋರಿಸಿದೆ. "ಎಂಥ ಕೈಗುಣಬೇ. ಯಾರು ತೆಗದ್ರು?" ಎಂದು ಎದುರುಮನೆಯಾಕೆ ಕೇಳಿದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆ ಹೆಸರು ನನ್ನ ಗಂಟಲವರೆಗೆ ಬಂದಿತ್ತು. "ಡಾಕ್ಟರಮ್ಮ" ಅಂದೆ.

ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅತ್ತೆ ಕೈ ನಿಲ್ಲಿಸಿದರು. "ಡಾಕ್ಟರಮ್ಮ ಬೋಗುಣಿ ಹಿಡದಿದ್ಲು" ಅಂದರು. "ತೆಗದಾಕಿ ಸುಂದ್ರಮ್ಮ ಅಂತ. ಮಾನೋಪಾಡ ಕಡೀ ಹೊರಗಿನ ಕೇರ್ಯಾಕಿ, ಕಸ ಹೊಡೀತಾಳ. ಹನ್ನೆರಡು ದಿನ ಕಿಟಕ್ಯಾಗ ನಿಂತು ನೋಡೀನಿ. ಬೇಕಾದ್ರ ಇನ್ನೊಂದು ಸಲ ಸ್ನಾನ ಮಾಡ್ತೀನಿ, ಆದ್ರ ಆಕಿ ಮಾಡಿದ್ದನ್ನ ಇನ್ನೊಬ್ಬರು ಮಾಡ್ಯಾರಂತ ಹೇಳಂಗಿಲ್ಲ."

ಇಬ್ಬರು ಎಲೆ ಮುಟ್ಟದೆ ಎದ್ದು ಹೋದರು. ಆ ವರ್ಷ ಕೆಲವರು ನಮ್ಮನ್ನು ಮನೆಯ ಕಾರ್ಯಕ್ಕೆ ಕರೆಯಲಿಲ್ಲ. ಅತ್ತೆ ಹಿತ್ತಲಿಗೆ ಹೋಗಿ ನಿಜವಾಗಿಯೂ ತಲೆಗೆ ನೀರು ಹಾಕಿಕೊಂಡು ಬಂದು, ನನ್ನ ಪಕ್ಕದಲ್ಲಿ ಕೂತು ಎಲೆ ಹಾಕಿಕೊಂಡರು. ಸಾಯುವವರೆಗೆ ಕೇಳಿದವರಿಗೆಲ್ಲ ಹಾಗೆಯೇ ಹೇಳಿದರು. ಅವರು ಹೇಳುವಾಗಲೆಲ್ಲ ನಾನು ತಲೆ ತಗ್ಗಿಸಿ ಕೂತಿರುತ್ತಿದ್ದೆ. ಅವರು ಹೋದ ಮೇಲೆ ಹೇಳುವವರು ಯಾರೂ ಉಳಿಯಲಿಲ್ಲ.

ನಾಗವೇಣಿ, ಇಷ್ಟು ವರ್ಷ ನಾನು ಹೇಳಬೇಕಾಗಿದ್ದ ಮಾತನ್ನು ಈಗ ನಿನಗೆ ಬರೆಯುತ್ತಿದ್ದೇನೆ. ನನ್ನ ಕಾಲು ಉಳಿಸಿದವರು ಸುಂದ್ರಮ್ಮ. ದವಾಖಾನೆಯಲ್ಲಿ ಕಸ ಗುಡಿಸುತ್ತಿದ್ದರು. ನಿನ್ನ ಅಣ್ಣ ತಮ್ಮಂದಿರಿಗೂ ಇದನ್ನು ಗಟ್ಟಿಯಾಗಿ ಓದಿ ಹೇಳು. ನಾನು ಪಕ್ಕದಲ್ಲೇ ಕೂತಿರುತ್ತೇನೆ.